ಹಾರೋಹಳ್ಳಿಯ ಶೆಡ್ಡಿನಲ್ಲಿ ನಮ್ಮ ಮಿಷನ್

ಸಾವಿರದ ಒಂಬೈನೂರ ಎಂಬತ್ತೈದರಲ್ಲಿ, ಎಂಟನೇ ಕ್ಲಾಸಿಗೆ, ನಾನು ಓದು ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ರಾಜಸ್ಥಾನದ ಗಣಿಯಲ್ಲಿ, ಒಂದೇ ಮಿಷನ್ನಿನ ಹತ್ತಿರ. ಮೇಲಿನಿಂದ ಕೆಳಗಿನ ಸುರಂಗಕ್ಕೆ ಸಣ್ಣ ತೂತು ಕೊರೆದು, ಅಲ್ಲಿ ರಾಡಿನ ತುದಿಗೆ ಆಳೆತ್ತರದ ಕಟ್ಟರ್ ಕಟ್ಟಿ, ತಿರುಗಿಸುತ್ತ ಮೇಲಕ್ಕೆಳೆಯುವ ಮಿಷನ್ ಅದು. ಕಲ್ಲೆಲ್ಲ ಕೆಳಗೆ ಉದುರಿ, ಬಾವಿಯಂಥ ಷಾಫ್ಟ್ ಆಗುತ್ತೆ. ಸಿಡಿಮದ್ದು ಬೇಡ.

ಹೋದ ತಿಂಗಳು ಮುಂಜಾನೆ ಕೆಂಪಣ್ಣ ಫೋನ್ ಮಾಡಿದ. ಗಣಿಯಲ್ಲಿ ನನ್ನ ಜೊತೆ ಇಪ್ಪತ್ತು ವರ್ಷ ದುಡಿದವನು, ಈಗ ಹಾರೋಹಳ್ಳಿಯ ರಿಪೇರಿ ಶೆಡ್ಡಿನಲ್ಲಿ ವಾಚ್‌ಮನ್. "ಲೇ, ನಾವು ಬಿಟ್ಟಾಗಿಂದ ಸುಮ್ಕೆ ಬಿದ್ದಿದ್ದ ನಮ್ಮ ಮಿಷನ್ ಇಲ್ಲಿಗೆ ಬಂದೈತೆ ಕಣ್ಲಾ. ಗೇರು ತಿರುಗ್ತಿಲ್ಲ. ಸಂಜೆ ಗುಜರಿಯೋರು ಕೊಯ್ದುಬುಡ್ತಾರೆ. ನೋಡಂಗಿದ್ರೆ ಬಾ."

ನಮ್ಮೂರು ಕಲ್ಯದಿಂದ ಏಳಕ್ಕೆ ಹೊರಟೆ. ಮಾಗಡಿಯಲ್ಲಿ ಎರಡು ತಟ್ಟೆ ಇಡ್ಲಿ ತಿಂದು ರಾಮನಗರದ ಬಸ್ಸು ಹತ್ತಿದೆ. ಮೋಡ ಇತ್ತು, ಮಳೆ ಇಲ್ಲ. ದಾರಿಯ ಬಂಡೆ ಕಂಡಾಗೆಲ್ಲ, ಇದಕ್ಕೆಷ್ಟು ಒತ್ತಡ ಕೊಡಬೇಕು ಅಂತ ಕೈ ತುರಿಸುತ್ತಿತ್ತು. ರಾಮನಗರದಿಂದ ಕನಕಪುರಕ್ಕೆ, ರೇಷ್ಮೆ ಗೂಡು ಮಾರಿ ಖಾಲಿ ಚೀಲ ಮಡಚಿಕೊಂಡವರ ನಡುವೆ ನಿಂತೇ ಬಂದೆ. ಒಬ್ಬ ಹೆಂಗಸು, "ಏನಣ್ಣ ಇಷ್ಟು ಅರ್ಜೆಂಟು, ಸಾವಾ ಮದುವೆನಾ?" ಅಂದಳು.

"ಇನ್ನೂ ಗೊತ್ತಿಲ್ಲ ಕಣವ್ವ."

ಕನಕಪುರದಲ್ಲಿ ಬಸ್ಸು ಬದಲಿಸಿ ಹಾರೋಹಳ್ಳಿ ತಲುಪಿದಾಗ ಹನ್ನೆರಡೂವರೆ. ಮಿಷನ್ನಿನ ಬಣ್ಣ ಉದುರಿತ್ತು. ಲಿವರಿನ ಮೇಲೆ ನನ್ನ ಅಂಗೈ ಸವೆಸಿದ ಜಾಗ ನುಣುಪಾಗಿಯೇ ಇತ್ತು. ಅದನ್ನು ಹಿಡಿದು ನಾವು ಹಾಡಿದ್ದು, ಬೈದಾಡಿದ್ದು, ಷಾಫ್ಟ್ ಮುಗಿದು ಕೆಳಗಿನ ಗಾಳಿ ಮುಖಕ್ಕೆ ನುಗ್ಗಿದಾಗ ಕುಣಿದದ್ದು ಎಲ್ಲ ನೆನಪಾಯಿತು.

"ಗೇರು ಕಚ್ಚಿಕೊಂಡಿದೆ ಯಜಮಾನ್ರೇ. ಪೂರ್ತಿ ಬಿಚ್ಚೋಕೆ ಮಾಲೀಕರು ಒಪ್ತಿಲ್ಲ," ಎಂದರು ಅಲ್ಲಿನ ಇಂಜಿನಿಯರಮ್ಮ.

ಕೇಳುತ್ತಲೇ ನನಗೆ ಕಾರಣ ಹೊಳೆಯಿತು. ಲಾರಿಗೆ ಏರಿಸುವ ಮುಂಚೆ ಗೇರು ಅಲ್ಲಾಡದಂತೆ ಪಕ್ಕದ ಮುಚ್ಚಳದೊಳಗೆ ಜಾಲಿ ಮರದ ಬೆಣೆ ಹೊಡೆಯುವುದು ನಮ್ಮ ತಂಡದ ಪದ್ಧತಿ. ಬೆಣೆ ಇದೆ ಅಂತ ಗೊತ್ತಾಗಲು ಹೊರಗೆ ಕೆಂಪು ಬಟ್ಟೆ ಕಟ್ಟಬೇಕು. ಗಣಿಯಲ್ಲಿ ನನ್ನ ಕೊನೆಯ ದಿನ, ಊರಿನ ರೈಲಿನ ಆತುರದಲ್ಲಿ, ಬೆಣೆ ಹೊಡೆದ ನಾನು ಬಟ್ಟೆ ಕಟ್ಟಲಿಲ್ಲ. ನನ್ನ ಕೆಲಸದಲ್ಲಿ ತಪ್ಪು ಹುಡುಕಿ ನೋಡೋಣ ಅಂತ ಊರೆಲ್ಲ ಎದೆ ತಟ್ಟಿಕೊಂಡವನು ನಾನು. ಬಾಯಿ ಬಿಟ್ಟರೆ ಆ ಮಾನ ಹೋಗುತ್ತೆ, ಬಿಡದಿದ್ದರೆ ಮಿಷನ್ ಹೋಗುತ್ತೆ.

"ತಪ್ಪು ನಂದೇ ಕಣಮ್ಮ," ಅಂದು ಮುಚ್ಚಳ ಬಿಚ್ಚಿ ಬೆಣೆ ಎಳೆದೆ. ಕರೆಂಟ್ ಕೊಟ್ಟರು. ಗೇರು ಗೊಣಗಿ, ತಿರುಗಿತು.

"ಥೂ ನಿನ್ನ! ಒಸಿ ಬಟ್ಟೆಗೆ ಇದ್ರ ಕತೆ ಮುಗಿಸ್ತಿದ್ದಲ್ಲೋ!" ಅಂತ ಕೆಂಪಣ್ಣ ಎಲ್ಲರೆದುರೇ ನಕ್ಕ.

ಗುಜರಿಯವರ ಲಾರಿ ಖಾಲಿ ಹೋಯಿತು. ನಾನೂ ಬಸ್ಸು ಹಿಡಿದು ಊರಿಗೆ ಬಂದೆ. ಈಗ ನನಗಿರುವುದು: ಹೊಲ ಒಂದೂವರೆ ಎಕರೆ, ಹಸು ಎರಡು, ಕೊರೆದ ಷಾಫ್ಟು ಹತ್ತೊಂಬತ್ತು, ಒಪ್ಪಿಕೊಂಡ ತಪ್ಪು ಒಂದು.