ಮೊಳಕೆ ಬಂದ ಲಗ್ನಪತ್ರಿಕೆ

ನಮ್ಮ ಮನೆಯ ಮಿಕ್ಸಿಯಲ್ಲಿ ಈಗ ಚಟ್ನಿ ರುಬ್ಬುವಂತಿಲ್ಲ. ಅದರಲ್ಲಿ ಹಳೆ ನ್ಯೂಸ್‌ಪೇಪರ್ ರುಬ್ಬುತ್ತಾರೆ.

ರುಬ್ಬುವವರು ನಮ್ಮ ಯಜಮಾನರು. ಸರ್ಕಾರಿ ಕೆಲಸದಿಂದ ರಿಟೈರ್ ಆಗಿ, ದೆಹಲಿಯ ಆರ್.ಕೆ.ಪುರಂ ಕ್ವಾರ್ಟರ್ಸ್ ಬಿಟ್ಟು ರೋಹಿಣಿಯ ಫ್ಲ್ಯಾಟಿಗೆ ಬಂದ ಹೊಸತರಲ್ಲಿ ಯಾವುದೋ ಕರಕುಶಲ ಮೇಳದಲ್ಲಿ ಕೈಕಾಗದ ಮಾಡುವುದನ್ನು ನೋಡಿದರು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. (ಬೇರೆಯವರ ಗಂಡಂದಿರು ರಿಟೈರ್ ಆದರೆ ಪಾರ್ಕಿಗೆ ಹೋಗಿ ಗುಂಪಿನಲ್ಲಿ ಹೋ ಹೋ ಎಂದು ನಗುತ್ತಾರೆ. ಎಂಥ ಪುಣ್ಯವಂತೆಯರು!)

ಬಾತ್‌ರೂಮಿನ ಟಬ್ಬಿನಲ್ಲಿ ಕಾಗದದ ಗಂಜಿ. ಅದನ್ನು ಜರಡಿಯಂಥ ಚೌಕಟ್ಟಿನಲ್ಲಿ ಎತ್ತಿ, ಹಳೆ ಪಂಚೆಯ ಮೇಲೆ ಹಾಕಿ, ಬಾಲ್ಕನಿಯಲ್ಲಿ ಒಣಗಿಸುವುದು. ನಾವು ಸ್ನಾನ ಎಲ್ಲಿ ಮಾಡಬೇಕು? ಅದನ್ನು ಯಾರೂ ಕೇಳಬಾರದು.

ಅಷ್ಟರಲ್ಲಿ ಮಗಳು ಮೇಘಾಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ನಾನೇ ಮಾಡ್ತೀನಿ ಎಂದರು ಇವರು.

“ಪಪ್ಪಾ, ಪ್ಲೀಸ್ ಯಾರ್! ವಾಟ್ಸಾಪ್‌ನಲ್ಲಿ ಕಳಿಸೋಣ ನಾ.”

“ಜೀವಮಾನವೆಲ್ಲ ಸರ್ಕಾರದ ಕಾಗದ ಹಾಳು ಮಾಡಿದ್ದೀನಿ. ನಿನ್ನ ಮದುವೆಗಾದ್ರೂ ಒಂದಿಷ್ಟು ನಾನೇ ಮಾಡ್ತೀನಿ, ಬಿಡೇ.”

ಮಗಳು ಫೋನ್ ಕೆಳಗಿಟ್ಟಳು. ನನಗೂ ಇವರ ಮೇಲೆ ಮರುಕ ಬಂತು. (ಟಬ್ ನೆನಪಾದ ಕೂಡಲೇ ಸರಿಹೋಯಿತು.)

ಕಾಗದಕ್ಕೆ ಚೆಂಡುಹೂವಿನ ಎಸಳು ಸೇರಿಸಿದರು. ಶುಭವಾಗಲಿ ಎಂದು ಮೆಂತ್ಯದ ಕಾಳೂ ಹಾಕಿದರು. ಒಣಗಿದ ಮೇಲೆ ತಮ್ಮ ಮುದ್ದಾದ ಅಕ್ಷರದಲ್ಲಿ ಎಲ್ಲ ಬರೆದು, ಇನ್ನೂ ಚೆನ್ನಾಗಿ ಒಣಗಲಿ ಎಂದು ಕೂಲರ್ ಮುಂದೆ ಇಟ್ಟರು. ದೆಹಲಿಯ ಜುಲೈ. ಗಾಳಿಯ ಜೊತೆ ತೇವವನ್ನೂ ಊದುವ ನೀರಿನ ಕೂಲರ್. ಮುಂದಿನದು ನಿಮಗೇ ಗೊತ್ತಲ್ಲ?

ಬೀಗರು ಬರುವ ದಿನ ನೋಡಿದರೆ ಪತ್ರಿಕೆಗಳಿಗೆ ಮೊಳಕೆ ಬಂದಿದೆ! ವರನ ಹೆಸರನ್ನು ಸೀಳಿಕೊಂಡು ಎರಡೆಲೆ ಮೆಂತ್ಯ ನಿಂತಿದೆ.

ಇವರು ಕಟ್ಟನ್ನು ಮಂಚದ ಕೆಳಗೆ ತಳ್ಳುವಷ್ಟರಲ್ಲಿ ಬೆಲ್ ಆಯಿತು. ಬೀಗರು ಕೊಡಗಿನವರು, ರಿಟೈರ್ಡ್ ಕರ್ನಲ್. ಅವಸರದಲ್ಲಿ ಹೊರಗೇ ಉಳಿದ ಪತ್ರಿಕೆಗಳಲ್ಲಿ ಒಂದನ್ನು ಬೀಗಿತ್ತಿ ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಹ್ಯಾಂಡ್‌ಮೇಡ್ ನಂಗೂ ತುಂಬಾ ಇಷ್ಟ. ಆದ್ರೆ ಒಂದರ ಥರ ಇನ್ನೊಂದಿಲ್ವಲ್ಲ? ಅಂಚೂ ಸೊಟ್ಟ. ನಮ್ಮ ಕ್ಲಬ್‌ನವರು ಏನಂದ್ಕೊಳ್ತಾರೆ?” ಎಂದು, ಬ್ಯಾಗಿನಿಂದ ಗುರುಗ್ರಾಮದ ಮಾಲ್‌ನಲ್ಲಿ ಕೊಂಡ ಕೈಕಾಗದದ ಡೈರಿ ತೆಗೆದು ತೋರಿಸಿದರು. “ನೋಡಿ, ಎಷ್ಟು ನೀಟಾಗಿದೆ!”

ನಮ್ಮವರು ಕೈ ಹಿಂದೆ ಕಟ್ಟಿ ನಿಂತಿದ್ದರು, ಆಫೀಸಿನಲ್ಲಿ ಸಾಹೇಬರ ಮುಂದೆ ನಿಲ್ಲುತ್ತಿದ್ದ ಹಾಗೆ.

ಆಗ ಮೇಘಾ ಎದ್ದಳು. “ಆಂಟಿ, ಕಾರ್ಡ್ ತೋ ಯಹೀ ಜಾಯೇಗಾ, ಇದೇ ಹೋಗ್ಬೇಕು. ಇದು ಪಪ್ಪಾ ಮಾಡಿದ್ದು.”

ವಾಟ್ಸಾಪ್ ಸಾಕು ಎಂದಿದ್ದ ಹುಡುಗಿ! ಮದುವೆ ಮುರಿಯಿತು ಎಂದೇ ನಾನು ಅಂದುಕೊಂಡೆ.

ಕರ್ನಲ್ ಸಾಹೇಬರು ಕನ್ನಡಕ ಏರಿಸಿ ಪತ್ರಿಕೆ ನೋಡಿದರು. ಮಗನ ಹೆಸರಿನ ಮೇಲಿದ್ದ ಮೊಳಕೆ ಕಿತ್ತು ಬಾಯಿಗೆ ಹಾಕಿಕೊಂಡರು. “ಕಹಿ ಇದೆ. ಮದುವೆ ಬಗ್ಗೆ ನಿಜ ಹೇಳೋ ಇನ್ವಿಟೇಶನ್ ಇದೊಂದೇ ನೋಡಿ!” ಎಂದರು. ಮೊದಲು ನಕ್ಕವರು ನಮ್ಮವರು. ಕೊನೆಗೆ ಬೀಗಿತ್ತಿಯೂ.

ರಾಜಿಯಾಯಿತು. ಕ್ಲಬ್ಬಿಗೆ ಪ್ರಿಂಟ್ ಮಾಡಿಸಿದ್ದು, ನೆಂಟರಿಗೆ ಮೆಂತ್ಯದ್ದು.

ಆದರೂ ಒಂದು ಪ್ರಶ್ನೆ ಉಳಿದಿದೆ. ಕೈಯಲ್ಲಿ ಮಾಡಿದ್ದೇ ಬೇಕು, ಆದರೆ ಮಾಡಿದ ಕೈ ಎಲ್ಲೂ ಕಾಣಬಾರದು ಎಂದರೆ, ಇದೆಂಥ ಶೋಕಿ ಸ್ವಾಮೀ?