ಗುಂಯ್ ಮಾವ ಕಾಯುವ ಒಂದು ಗಂಟೆ

ಬೆಳಕು ಇನ್ನೂ ಹರಿದಿಲ್ಲ. ಬೀದಿಯೆಲ್ಲ ಮಂಜಿನೊಳಗೆ ಮಲಗಿದೆ. ಕೊನೆಯ ಮನೆಯ ಮುಂಗೋಣೆಯಲ್ಲಿ ಮಾತ್ರ ಅರದ ಸದ್ದು: ಸರ್, ಸರ್, ಸರ್. ನಡುವೆ ಒಂದು ಬಿಡುವು, ಧೂಳು ಊದುವ ಉಸಿರು, ಮತ್ತೆ ಸರ್, ಸರ್. ಕನ್ನಡಕವನ್ನು ಹಣೆಗೇರಿಸಿದ ಅರವತ್ತೊಂದರ ಹಿರಿಯರು ಉಗುರಿನಷ್ಟು ಕಪ್ಪು ಚೂರೊಂದನ್ನು ಉಜ್ಜುತ್ತಿದ್ದಾರೆ.

ಬೀದಿಯ ಮಕ್ಕಳಿಗೆ ಇವರು ಗುಂಯ್ ಮಾವ. ಮೂವತ್ತೆರಡು ವರ್ಷಗಳಿಂದ ಮನೆಮನೆಯ ವ್ಯಾಕ್ಯೂಮ್ ಕ್ಲೀನರುಗಳನ್ನು ರಿಪೇರಿ ಮಾಡುತ್ತಿದ್ದಾರೆ. ಇವರ ಕೆಲಸ ನೋಡಿ ಬರೆಯಲೆಂದು ಬಂದ ನಾನು ಬಾಗಿಲ ಬಳಿ ಕೂತಿದ್ದೇನೆ. ಎದುರಿನ ಸ್ಟೂಲಿನ ತುದಿಯಲ್ಲಿ ಕೂತಿರುವಾಕೆ ಮನೆ, ಕಚೇರಿಗಳನ್ನು ಶುಚಿ ಮಾಡಿ ಬದುಕುವವರು. ಅವರಿಗಿರುವುದು ಒಂದೇ ಯಂತ್ರ, ಹನ್ನೊಂದು ವರ್ಷದ್ದು. ನಿನ್ನೆ ಸಂಜೆ ಅದು ಕಿಡಿ ಕಾರಿ ನಿಂತಿತು. ಇಂದು ಎಂಟೂವರೆಗೆ ಗ್ರಂಥಾಲಯವೊಂದರ ಎರಡು ಮಹಡಿಯ ಕಾರ್ಪೆಟ್ ಶುಚಿ ಮಾಡಿ ತೋರಿಸಬೇಕು. ಮೆಚ್ಚಿದರೆ ವರ್ಷವಿಡೀ ಕೆಲಸ. ಹೊಸ ಯಂತ್ರ ಕೊಳ್ಳುವುದು ಕನಸಿನ ಮಾತು.

“ಇದರ ಕಾರ್ಬನ್, ಅಂದ್ರೆ ಮೋಟಾರಿಗೆ ಕರೆಂಟ್ ಮುಟ್ಟಿಸೋ ಚೂರು, ಈಗ ಎಲ್ಲೂ ಸಿಗಲ್ಲ,” ಎನ್ನುತ್ತಾರೆ ಮಾವ. “ಇದು ಡ್ರಿಲ್ ಮಿಷಿನ್ನಿಂದು, ಸ್ವಲ್ಪ ದಪ್ಪ. ಉಜ್ಜಿ ಉಜ್ಜಿ ಇದರ ಗೂಡಿಗೆ ಹೊಂದಿಸಬೇಕು. ಬಿಗಿಯಾದ್ರೆ ಸಿಕ್ಕಿಕೊಳ್ಳುತ್ತೆ, ಸಡಿಲಾದ್ರೆ ಕುಣಿಯುತ್ತೆ.”

“ಮಗಳಿಗೆ ಗಂಡು ನೋಡುವಾಗಲೂ ಇವರು ಇಷ್ಟು ಅಳೆದಿರಲಿಲ್ಲ,” ಒಳಬಾಗಿಲಿನಿಂದ ಹೆಂಡತಿಯ ದನಿ. ಆಕೆ ಹಳೆಯ ದಿಂಬಿನ ಕವರುಗಳನ್ನು ಎರಡು ಪದರ ಸೇರಿಸಿ ಧೂಳಿನ ಚೀಲ ಹೊಲಿಯುತ್ತಿದ್ದಾರೆ. ಅಂಗಡಿಯ ಕಾಗದದ ಚೀಲ ಒಮ್ಮೆ ತುಂಬಿದರೆ ಮುಗಿಯಿತು. ಇದನ್ನು ಕೊಡವಿ, ಒಗೆದು, ಒಣಗಿಸಿ ಮತ್ತೆ ಹಾಕಬಹುದು. “ಊರಿಗೆಲ್ಲ ಮಿಷಿನ್ನು ಸರಿಮಾಡಿ ಕೊಡ್ತಾರೆ. ನಮ್ಮನೇಲಿ ಇವತ್ತಿಗೂ ಪೊರಕೆನೇ.”

ಮೊದಲು ಮಾವ ಈ ಯಂತ್ರಗಳನ್ನು ಮಾರುವ ಕಂಪನಿಯ ರಿಪೇರಿ ವಿಭಾಗದಲ್ಲಿದ್ದರು. ಅದು ಮುಚ್ಚಿದ ದಿನ ಒಂದು ಪೆಟ್ಟಿಗೆ ಬಿಡಿಭಾಗ ಹೊತ್ತು ಮನೆಗೆ ಬಂದವರು ಮತ್ತೆ ಯಾರ ಬಾಗಿಲಿಗೂ ಹೋಗಲಿಲ್ಲ. ದಿನಕ್ಕೆ ನಾಲ್ಕು ಯಂತ್ರ ಬರುತ್ತವೆ. ಹತ್ತರಲ್ಲಿ ಆರಕ್ಕೆ ರೋಗವೇ ಇರುವುದಿಲ್ಲ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಕಟ್ಟಿಕೊಂಡಿರೋದು ಪೈಪು, ಬೈಸಿಕೊಳ್ಳೋದು ಮೋಟಾರು. ಒಂದ್ಸಲ ಪೈಪೊಳಗೆ ಅಜ್ಜ ಒಬ್ಬರ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಪಾಪ, ಮೂರು ದಿನ ಗಂಜಿ ಕುಡಿದಿದ್ರಂತೆ.” ಮೋಟಾರಿನ ಸುರುಳಿಯೇ ಸುಟ್ಟಿದ್ದರೆ, ಇದಕ್ಕೆ ದುಡ್ಡು ಸುರಿಯಬೇಡಿ ಎಂದು ಅವರೇ ಹೇಳಿ ಕಳಿಸುತ್ತಾರೆ.

ಆರೂ ನಲವತ್ತಕ್ಕೆ ಜೋಡಿ ಕಾರ್ಬನ್ ಗೂಡು ಸೇರುತ್ತದೆ. ಆದರೆ ಕೆಲಸ ಮುಗಿದಿಲ್ಲ. ಹೊಸ ಕಾರ್ಬನ್ನಿನ ಮುಖ ಚಪ್ಪಟೆ; ಅದು ಒರಗಬೇಕಾದ ತಾಮ್ರದ ಉರುಳೆ ದುಂಡಗಿದೆ. ನಿಧಾನವಾಗಿ ತಿರುಗುತ್ತ ತಿರುಗುತ್ತ ಒಂದರ ಮೈಗೆ ಇನ್ನೊಂದು ಒಗ್ಗಬೇಕು. ಅದಕ್ಕೆಂದೇ ಮಾವ ಕರೆಂಟನ್ನು ಮೊದಲು ಬಲ್ಬೊಂದರ ಮೂಲಕ ಹಾಯಿಸಿ, ಉಳಿದಷ್ಟನ್ನು ಮೋಟಾರಿಗೆ ಉಣಿಸುತ್ತಾರೆ. ಬಲ್ಬು ಅರೆಗಣ್ಣು ತೆರೆದಂತೆ ಕೆಂಪಗಾಗುತ್ತದೆ. ಮೋಟಾರು ನಿದ್ದೆಯಲ್ಲಿ ಗುನುಗುವ ಮಗುವಿನಂತೆ ತಿರುಗುತ್ತದೆ.

ಕೋಣೆ ಆ ಗುನುಗಿನೊಳಗೆ ತೇಲತೊಡಗುತ್ತದೆ. ಗೋಡೆಗೆ ನೇತುಹಾಕಿದ ಪೈಪುಗಳು ಕೆಂಪು ಬೆಳಕಿನಲ್ಲಿ ಮೆಲ್ಲನೆ ಉಸಿರಾಡುವಂತಿವೆ. ಹೊಲಿಗೆಯ ಸೂಜಿ ಯಾವಾಗಲೋ ಅದೇ ಲಯಕ್ಕೆ ಬಿದ್ದಿದೆ. ಕಿಟಕಿ ಬೂದಿಯಾಗಿ, ಹಾಲಾಗಿ, ಹೊನ್ನಾಗುತ್ತದೆ. ಹೊನ್ನಿನೊಳಗೆ ಧೂಳಿನ ಕಣಗಳು ಎಲ್ಲಿಗೂ ಹೋಗುವ ಆತುರವಿಲ್ಲದೆ ಏರುತ್ತ ಇಳಿಯುತ್ತವೆ.

ಆತುರ ಸ್ಟೂಲಿನ ಮೇಲೆ ಕೂತಿದೆ. ಏಳೂ ನಲವತ್ತಕ್ಕೆ ಬಸ್ಸು. ಅದು ತಪ್ಪಿದರೆ ಮುಂದಿನದು ಒಂಬತ್ತಕ್ಕೆ.

“ಸಾಕು ಬಿಡಣ್ಣಾ, ತಿರುಗ್ತಾ ಇದೆಯಲ್ಲ.”

“ತಿರುಗೋದು ಬೇರೆ, ಕೂತ್ಕೊಳ್ಳೋದು ಬೇರೆ. ಇನ್ನೂ ಕರಕರ ಅಂತಿದೆ ಕೇಳು.”

“ನನಗೆ ಬಸ್ಸಿನ ಸದ್ದೊಂದೇ ಕೇಳಿಸ್ತಿರೋದು.”

“ಹೋದ ವರ್ಷಾನೂ ಹೀಗೇ ಅಂದಿದ್ದೆ ತಂಗಿ. ನಾನೂ ನಿನ್ನ ಮಾತು ಕೇಳಿದ್ದೆ.”

ಹೋದ ವರ್ಷ ಆಕೆಯ ಗೋಗರೆತಕ್ಕೆ ಮಣಿದು ಹತ್ತೇ ನಿಮಿಷ ತಿರುಗಿಸಿ ಕೊಟ್ಟಿದ್ದರು. ಕಚೇರಿಯೊಂದರ ಹಜಾರದಲ್ಲಿ ಯಂತ್ರ ಕಿಡಿಯುಗುಳಿತು. ನಾಳೆಯಿಂದ ಬರಬೇಡ ಎಂದರು ಅಲ್ಲಿಯವರು. ತಾಮ್ರದ ಉರುಳೆಯ ಗೀರುಗಳನ್ನು ಮಾವ ಮೂರು ದಿನ ಕೂತು ನಯಗೊಳಿಸಿದರು. ಆ ಕೆಲಸ ಮಾತ್ರ ಮರಳಲಿಲ್ಲ.

“ಅವಸರ ಅವಳದು, ತಪ್ಪು ನಂದು. ಗೊತ್ತಿದ್ದೋನು ನಾನಲ್ವಾ?” ನನ್ನತ್ತ ತಿರುಗದೆಯೇ ಹೇಳುತ್ತಾರೆ.

ಬೀದಿಯ ಕೊನೆಯಲ್ಲಿ ಬಸ್ಸು ಬಂದು, ನಿಂತು, ಹೊರಡುತ್ತದೆ. ಆಕೆ ಅಂಗೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಮಾವನ ಕೈ ಸ್ವಿಚ್ಚಿನತ್ತ ಹೋಗಿ ಹಿಂದೆ ಸರಿಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ, ತುದಿಯನ್ನು ಮೋಟಾರಿಗೆ ಇಟ್ಟು ಕಣ್ಣು ಮುಚ್ಚುತ್ತಾರೆ. ಎಂಟು ನಿಮಿಷ. ಕರಕರ ತೆಳ್ಳಗಾಗಿ, ದಾರದಂತಾಗಿ, ಇಲ್ಲವಾಗುತ್ತದೆ.

“ಈಗ ಕೂತ್ಕೊಂತು.”

ಕವಚ ಮುಚ್ಚಿ, ಹೊಸ ಚೀಲ ತೊಡಿಸಿ, ತಮ್ಮ ಸೈಕಲ್ಲಿನ ಕ್ಯಾರಿಯರಿಗೆ ಯಂತ್ರವನ್ನು ಬಿಗಿಯುತ್ತಾರೆ. “ತುಳಿ. ಪೂರ್ತಿ ಇಳಿಜಾರೇ. ಇಪ್ಪತ್ತು ನಿಮಿಷ.”

“ಹಿಂದಿನ ಬ್ರೇಕು ಹಿಡಿಯಲ್ಲ ಅಂತಾನೂ ಹೇಳಿ,” ಎನ್ನುತ್ತಾರೆ ಹೆಂಡತಿ.

“ಅದಕ್ಕೇ ಇಪ್ಪತ್ತು ನಿಮಿಷ ಅಂದಿದ್ದು.”

ಆಮೇಲೆ ಅವರು ಬೇರೆ ಯಂತ್ರ ಮುಟ್ಟುವುದಿಲ್ಲ. ಒಂಬತ್ತೂವರೆಗೆ ಫೋನು. ಮಾತಿಲ್ಲ, ಯಂತ್ರದ ತುಂಬುಗಂಟಲಿನ ಒಂದೇ ನಾದ, ದೂರ ಹೋಗಿ ಹತ್ತಿರ ಬರುತ್ತ, ಕಪಾಟುಗಳ ನಡುವೆ ಅಲೆಯುತ್ತಿದೆ. ಬಹಳ ಹೊತ್ತಿನ ಮೇಲೆ ಆಕೆಯ ದನಿ: “ಮೇಲಿನ ಮಹಡೀಲಿದ್ದೀನಿ ಅಣ್ಣಾ. ಸೋಮವಾರದಿಂದ ಬಾ ಅಂದ್ರು.”

ಮಾವ ಫೋನನ್ನು ಹಲಗೆಯ ಮೇಲಿಟ್ಟು ಕೈ ಒರೆಸಿಕೊಳ್ಳುತ್ತಾರೆ.

“ನನ್ನ ಹತ್ರ ಎಲ್ಲವೂ ಕೆಮ್ಮುತ್ತಾ ಬರ್ತವೆ. ವಾಸಿಯಾದ ಕೂಡ್ಲೆ ಎದ್ದು ಹೋಗ್ತವೆ. ಕೆಲಸಕ್ಕೆ ನಿಂತಾಗ ಹೇಗಿರ್ತವೆ ಅಂತ ಕೇಳಿದ್ದು ಇವತ್ತೇ. ಪರವಾಗಿಲ್ಲ, ದನಿ ಚೆನ್ನಾಗಿದೆ.”