ಅಟ್ಟದ ಕೆಳಗಿನ ಬ್ಯಾಟರಿ

ಮೂರು ವರ್ಷದ ಹಿಂದೆ ಹುಳಿಯಾರಿನಲ್ಲಿ ನಾನು ಆಟೋ ಎಲೆಕ್ಟ್ರಿಕಲ್ ಅಂಗಡಿ ತೆರೆದ ಹೊಸತು. ಅಂಗಡಿಯೆಂದರೆ ಒಂದು ಶಟರ್, ಒಂದು ಸ್ಟೂಲು, ಕಂಡವರ ದನಿಯನ್ನೆಲ್ಲ ಅಣಕಿಸುವ ನನ್ನ ಬಾಯಿ. ಹಂದನಕೆರೆ ಕಡೆಯ ಬಸಪ್ಪನವರು ಕರೆಸಿದರು. ಅವರ ಟ್ರಾಕ್ಟರ್ ನನಗಿಂತ ಹಿರಿಯ, ತಳ್ಳದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹಳೆಯ ಡೈನಮೊ ತೆಗೆದು, ಬ್ಯಾಟರಿಯನ್ನು ಚೆನ್ನಾಗಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂರಿಸಬೇಕಿತ್ತು.

ಟ್ರಾಕ್ಟರ್ ನಿಂತಿದ್ದುದು ಕೊಬ್ಬರಿ ಅಟ್ಟದ ಕೆಳಗೆ. ಮೇಲೆ ವರ್ಷದ ಕಾಯಿ ಒಣಗುತ್ತಿತ್ತು, ಮೂಲೆಯಲ್ಲಿ ಅದಕ್ಕೆ ಸಿಪ್ಪೆಯ ಹೊಗೆ ಹಾಕಿದ್ದರು.

"ಆಚೆಗೆ ತಳ್ಳಾನ ಬಸಪ್ನೋರೆ."

"ಬಿಸ್ಲು ಕಣಪ್ಪ, ಇಲ್ಲೇ ಮಾಡು."

ಆ ಕಾಲದ ಟ್ರಾಕ್ಟರಿನಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಟ್ರಾಕ್ಟರಿನ ಕಬ್ಬಿಣದ ಮೈಗೆ ಕಟ್ಟುತ್ತಿದ್ದರು. ಆಲ್ಟರ್ನೇಟರ್ ಹಾಕಿದರೆ ಮೈನಸ್ ಮೈಗೆ ಹೋಗಬೇಕು. ಅದಲುಬದಲಾದರೆ ವೈರು ಸುಟ್ಟುಹೋಗುತ್ತದೆ. ಆಲ್ಟರ್ನೇಟರ್ ಕೂರಿಸಿ, ಇದನ್ನು ಬಸಪ್ಪನವರಿಗೆ ಎರಡು ಸಲ ಹೇಳಿ, ಬ್ಯಾಟರಿಯ ವೈರು ಕಳಚಿಯೇ ಇಟ್ಟು, ಅವರ ಹೆಂಡತಿ ಗೌರಮ್ಮನವರು ಬಡಿಸಿದ ಊಟಕ್ಕೆ ಹೋದೆ.

ಕೈ ತೊಳೆದು ಬಂದರೆ ಬಸಪ್ಪನವರು ಸ್ಪ್ಯಾನರ್ ಹಿಡಿದು ಸೀಟಿನ ಮೇಲೆ ಕೂತಿದ್ದಾರೆ. ಬ್ಯಾಟರಿ ಇರುವುದು ಆ ಸೀಟಿನ ಕೆಳಗೇ.

"ನೀನ್ ಉಣ್ಣೋ ಹೊತ್ಗೆ ನಾನೇ ಕಟ್ಬುಟ್ಟೆ ಕಣ್ಲಾ. ನಲವತ್ತು ವರ್ಷ ಕಟ್ಟಿರೋ ಕೈಯಿದು."

ಆ ಕೈ ಹಳೆಯ ರೂಢಿಯಂತೆ ಪ್ಲಸ್ಸನ್ನು ಟ್ರಾಕ್ಟರಿನ ಮೈಗೇ ಕಟ್ಟಿತ್ತು. ಬಾನೆಟ್ಟಿನ ಸಂದಿಯಿಂದ ಹೊಗೆ ಏಳುತ್ತಿತ್ತು.

"ಇಳೀರಿ ಬಸಪ್ನೋರೆ, ಹೊಗೆ ಬತ್ತೈತೆ."

"ಅಟ್ಟದ ಕೆಳ್ಗೆ ಹೊಗೆ ಬರ್ದೆ ಇನ್ನೇನ್ ಬತ್ತದೆ? ಇದ್ಯಾರ ದನೀಲಾ, ನಮ್ ಪಂಚಾಯ್ತಿ ಚೇರ್ಮನ್ನಂದಾ?"

ಬೆಳಗಿನಿಂದ ಊರವರ ದನಿಯನ್ನೆಲ್ಲ ಅಣಕಿಸಿದ್ದ ನನಗೆ ಸ್ವಂತ ದನಿಯೊಂದು ಇದೆಯೆಂದು ಅವರು ಒಪ್ಪಲೇ ಇಲ್ಲ. ಅಷ್ಟರಲ್ಲಿ ವೈರಿನ ಪ್ಲಾಸ್ಟಿಕ್ ಕರಗಿ ನೆಲದ ಸಿಪ್ಪೆಯ ಮೇಲೆ ತೊಟ್ಟಿಕ್ಕಿತು. ಒಂದು ಸಿಪ್ಪೆ ಹೊತ್ತಿಕೊಂಡಿತು. ಅದನ್ನು ತುಳಿಯುತ್ತ, ಬಾನೆಟ್ಟಿನ ಹಿಂದೆ ಬಗ್ಗಿ, ಗೌರಮ್ಮನವರ ದನಿ ತೆಗೆದೆ.

"ರೀ, ಹಸ ಹಗ್ಗ ಕಿತ್ಕಂಡು ತೋಟಕ್ ನುಗ್ತು ಕಣ್ರೀ."

ಬಸಪ್ಪನವರು ಜಿಗಿದು ಓಡಿದರು, ಸ್ಪ್ಯಾನರ್ ಸಮೇತ. ಸೀಟು ಎತ್ತಿದೆ. ಬ್ಯಾಟರಿಗೆ ವೈರು ಹಿಡಿದ ಕ್ಲ್ಯಾಂಪು ಅಲುಗಲಿಲ್ಲ, ನಲವತ್ತು ವರ್ಷದ ಕೈ ಬಿಗಿದದ್ದು. ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ, ಜಾರಿತು. ಮುಂದೆ ಹೊಗೆ ಕಪ್ಪಾಗಿ ಅಟ್ಟದ ಬಿದಿರ ಗಳುಗಳನ್ನು ಮುಟ್ಟಿತ್ತು. ಇನ್ನೊಮ್ಮೆ ಮೈಭಾರವನ್ನೆಲ್ಲ ಹಾಕಿದೆ. ಕ್ಲ್ಯಾಂಪು ಕಿತ್ತು ಬಂತು, ನಾನು ಹಿಂದಕ್ಕೆ ಬಿದ್ದೆ.

"ಹಸ ಕಟ್ಟಿದಂಗೇ ಐತಲ್ಲಲಾ" ಎನ್ನುತ್ತ ಬಂದ ಬಸಪ್ಪನವರು ಸುಟ್ಟ ವೈರು ನೋಡಿದರು. ಕತ್ತೆತ್ತಿ ಅಟ್ಟ ನೋಡಿದರು. ಸ್ಪ್ಯಾನರ್ ನನ್ನ ಕೈಗಿಟ್ಟರು.

ಮಾರನೆಯ ದಿನ ಟ್ರಾಕ್ಟರನ್ನು ಅಂಗಳಕ್ಕೆ ತಳ್ಳಿಸಿ ಹೊಸ ವೈರಿಂಗ್ ಮಾಡಿದೆ. ಪ್ಲಸ್ ಕೇಬಲ್ಲನ್ನು ಎಷ್ಟು ಎಳೆದರೂ ಟ್ರಾಕ್ಟರಿನ ಮೈಗೆ ಎಟುಕದಷ್ಟು ಗಿಡ್ಡ ಮಾಡಿದೆ. ಅಂದಿನಿಂದ ಎಲ್ಲ ಹಳೆಯ ಟ್ರಾಕ್ಟರಿಗೂ ಹೀಗೇ ಮಾಡುತ್ತೇನೆ. ನಾನು ಹೇಳಿದ್ದು ಗಿರಾಕಿಗೆ ಮರೆತರೂ ಕೇಬಲ್ ತಡೆಯುತ್ತದೆ.

ಗೌರಮ್ಮನವರಿಗೆ ಮಾತ್ರ ನನ್ನ ಮೇಲೆ ಇನ್ನೂ ಸಿಟ್ಟು. ತಾವೇ ಊಟಕ್ಕೆ ಕರೆದರೂ ಗಂಡ ಜಗಲಿಯಿಂದ ಏಳದೆ, "ಯಾರದು ಕರೆದಿದ್ದು?" ಎಂದು ಕೇಳುತ್ತಾರಂತೆ.